ಸರ್ವೇ ಈರಪ್ಪಣ್ಣನ ಟ್ಯಾಪು

ಪೂರ್ವಿ, ಸಂಗಮೇಶ, ನೀವಿಬ್ಬರೂ ಸರ್ವೇ ಈರಪ್ಪಣ್ಣನವರನ್ನು ನೋಡಿಲ್ಲ. ಹುಬ್ಬಳ್ಳಿ ಬಸ್ಸು ಬಂದರೆ ಅವರು ಮೊದಲು ಬೋರ್ಡು ಓದುತ್ತಿದ್ದರು. ಆಮೇಲೆ ಕಂಡಕ್ಟರನನ್ನು ಕೇಳುತ್ತಿದ್ದರು. ಅದೂ ಸಾಲದೆ ಕಿಟಕಿಯ ಬಳಿ ಕುಳಿತ ಯಾರನ್ನಾದರೂ, "ನೀವೆಲ್ಲಿಗೆ ಹೊಂಟೀರಿ?" ಎಂದು ವಿಚಾರಿಸಿ, ಎಲ್ಲವೂ ತಾಳೆಯಾದರೆ ಮಾತ್ರ ಹತ್ತುತ್ತಿದ್ದರು. ಒಮ್ಮೆ ಹಾಗೆ ವಿಚಾರಿಸುತ್ತಿರುವಾಗಲೇ ಬಸ್ಸು ಹೊರಟುಹೋಯಿತು. "ಹೋಗ್ಲಿ ಬಿಡ್ರಿ, ಅದರ ಲಕ್ಷಣಾನ ನನಗ ಮೊದಲಿಂದ ಸರಿ ಅನಸಿದ್ದಿಲ್ಲ" ಎಂದು ಮನೆಗೆ ಬಂದರು.

ಮೊರಬದಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಸರ್ವೇ ಇಲಾಖೆಯಲ್ಲಿದ್ದು ಹೊಲಗಳ ಗಡಿ ಅಳೆದು ನಿವೃತ್ತರಾದವರು. ಬದುವಿನ ಎರಡೂ ಕಡೆಯವರು ದೇವರಾಣೆ ಹಾಕಿ ಬೇರೆ ಬೇರೆ ಕಲ್ಲು ತೋರಿಸುವುದನ್ನು ಜೀವನವಿಡೀ ನೋಡಿದ್ದರು. ಯಾರಾದರೂ ಆಣೆ ಮಾಡಿದರೆ ಅವರ ಸಂಶಯ ಇನ್ನಷ್ಟು ಹೆಚ್ಚುತ್ತಿತ್ತು. ನಿಮ್ಮ ಅಜ್ಜ ಇದ್ದಾಗ, "ಈರಪ್ಪಾ, ನಿನ್ನ ನೆರಳಿನ ಮ್ಯಾಲರ ನಂಬಿಕಿ ಐತೇನೋ?" ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ತಿರುಗಿ ನೋಡಿ, "ಮಧ್ಯಾಹ್ನ ಗಿಡ್ಡಾಗತೈತಿ, ಸಂಜಿಗೆ ಉದ್ದಾಗತೈತಿ. ಅದನ್ನ ಹ್ಯಾಂಗ ನಂಬೂದು?" ಎನ್ನುತ್ತಿದ್ದರು.

ಎತ್ತು ಮಾರಿದ ಮೇಲೆ ಖಾಲಿಯಾದ ಕೊಟ್ಟಿಗೆಯಲ್ಲಿ ಅವರು ಲೋಹ ಕಡೆಯುವ ಒಂದು ಹಳೆಯ ಸಣ್ಣ ಲೇಥ್ ಮಷೀನು ತಂದಿಟ್ಟುಕೊಂಡರು. ಮಾರುವುದಕ್ಕೇನೂ ಅಲ್ಲ, ಬರೀ ಹವ್ಯಾಸ. ಹಿತ್ತಾಳೆಯ ಬುಗುರಿ, ತಿರುಪಿನ ಮುಚ್ಚಳವಿರುವ ವಿಭೂತಿ ಡಬ್ಬಿ, ಇಂಥವನ್ನು ಮಾಡುತ್ತಿದ್ದರು. ಅದರಲ್ಲಿ ಅವರಿಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸವೆಂದರೆ ಟ್ಯಾಪು ಹಾಕುವುದು. ಟ್ಯಾಪು ಎಂದರೆ ನೀರಿನ ನಳವಲ್ಲ. ಮೈತುಂಬ ಹಲ್ಲಿರುವ ಉಕ್ಕಿನ ಕಡ್ಡಿ ಅದು. ತೂತಿನೊಳಗೆ ಅದನ್ನು ತಿರುವುತ್ತ ಹೋದರೆ ತಿರುಪು ಕೂಡುವಂಥ ಗೆರೆಗಳು ಬೀಳುತ್ತವೆ. ಅವರು ಈ ಕೆಲಸಕ್ಕೆ ಮೋಟಾರು ಹಚ್ಚುತ್ತಿರಲಿಲ್ಲ. ಟ್ಯಾಪಿನ ಚೌಕ ತಲೆಗೆ ಹಿಡಿಕೆ ಸಿಕ್ಕಿಸಿ, ಅರ್ಧ ಸುತ್ತು ಮುಂದೆ ತಿರುವಿ, ಕಿವಿಗೊಟ್ಟು ಕೇಳಿ, ಕಾಲು ಸುತ್ತು ಹಿಂದಕ್ಕೆ ತರುತ್ತಿದ್ದರು.

"ಹಿಂದ್ಯಾಕ ತರತೀರಿ ಅಣ್ಣಾರ?" ಎಂದು ಒಮ್ಮೆ ಕೇಳಿದ್ದೆ.

"ಒಳಗ ಚೂರು ಕೂಡತಾವ್ರಿ ನೀಲವ್ವಾ. ಹಿಂದ ತಂದ್ರ ಮುರದು ಬೀಳತಾವು. ಸಲೀಸ ಹೊಂಟೈತಿ ಅಂತ ಒತ್ತಿದ್ರ ಟ್ಯಾಪ ತೂತಿನ್ಯಾಗ ಮುರೀತೈತಿ. ಅಗದಿ ಸಲೀಸ ಅನಸಿದಾಗನ ಸಂಶೆ ಪಡಬೇಕು."

ಅಂಗಡಿಯವರು ಡಬ್ಬಿಯಲ್ಲಿ ಕೊಡುವ ಎಣ್ಣೆಯಲ್ಲಿ ಏನು ಬೆರೆಸಿರುತ್ತಾರೋ ಎಂದು ಅವರು ಅದನ್ನು ಮುಟ್ಟುತ್ತಿರಲಿಲ್ಲ. ಟ್ಯಾಪಿಗೆ ಹಾಕುತ್ತಿದ್ದುದು ತಮ್ಮದೇ ಹೊಲದ ಕುಸುಬಿ ಎಣ್ಣೆ. ಗಾಣದ ಮುಂದೆ ತಾವೇ ಕುಳಿತು ಹಿಂಡಿಸಿ ತಂದದ್ದು.

ನಮ್ಮ ದೇವರ ಜಗಲಿಯ ಮೇಲಿನ ಎತ್ತರದ ಹಿತ್ತಾಳೆ ದೀಪ ನೀವು ನೋಡಿದ್ದೀರಿ. ನನ್ನ ತವರಿನಿಂದ ಉಳಿದಿರುವುದು ಅದೊಂದೇ. ಕಂಬದ ತುದಿಯ ತೂತಿನ ಗೆರೆ ಸವೆದು, ಮೇಲಿನ ತಟ್ಟೆ ಓಲಾಡಿ ಎಣ್ಣೆ ಚೆಲ್ಲುತ್ತಿತ್ತು. ಈರಪ್ಪಣ್ಣ ನೋಡಿ, ತೂತು ದೊಡ್ಡದು ಮಾಡಿ ಹೊಸ ಗೆರೆ ಹಾಕಿ, ತಟ್ಟೆಗೂ ಅದಕ್ಕೆ ಕೂಡುವ ತಿರುಪು ಮಾಡಿಕೊಡುತ್ತೇನೆ ಎಂದರು. ನನಗೆ ಒಳಗೊಳಗೇ ಅಳುಕು. ಹಳೆಯ ಗಟ್ಟಿ ಹಿತ್ತಾಳೆ, ಅದಲುಬದಲಾದರೆ? ಅವರು ಕೆಲಸ ಮಾಡುವಾಗ ಅವ್ವನ ದೀಪದ ಮೇಲೆ ಕಣ್ಣಿಟ್ಟು ಕೊಟ್ಟಿಗೆಯ ಬಾಗಿಲಲ್ಲೇ ಕಾಳು ಹಸನು ಮಾಡುತ್ತ ಕುಳಿತೆ. ಅವರಿಗೂ ನನ್ನ ಮೇಲೆ ಕಣ್ಣು. "ಕಾಳು ನಿಮ್ಮ ಮನ್ಯಾಗ ಹಸನಾಗೂದಿಲ್ಲೇನ್ರಿ?" ಎಂದು ಕೇಳಿದರು.

"ಇಲ್ಲಿ ಬೆಳಕು ಚಲೋ ಐತ್ರಿ" ಎಂದೆ.

ಟ್ಯಾಪು ಅರ್ಧಕ್ಕೆ ಇಳಿದಿದ್ದಾಗ ಕಲಘಟಗಿಯಿಂದ ಫೋನು ಬಂತು. ಅವರ ಮಗಳಿಗೆ ಮೈ ಸರಿಯಿಲ್ಲ, ಗಂಡ ಹೆಂಡತಿ ಇಬ್ಬರೂ ಹೊರಡಬೇಕು. ಟ್ಯಾಪು ಹೊರಗೆ ತೆಗೆದರೆ ಮತ್ತೆ ಅದೇ ಗೆರೆಗೆ ಕೂಡುವುದೋ ಇಲ್ಲವೋ ಎಂಬ ಸಂಶಯದಿಂದ ಅವರು ಅದನ್ನು ಒಳಗೇ ಬಿಟ್ಟು, ಮೇಲೆ ಎಣ್ಣೆ ಸುರಿದರು. ದೀಪವನ್ನು ಪರರ ಮನೆಯಲ್ಲಿ ಬೀಗ ಹಾಕಿ ಬಿಡಲು ನಾನು ಒಪ್ಪಲಿಲ್ಲ. ತಮ್ಮ ಟ್ಯಾಪಿನ ಸಮೇತ ದೀಪ ಹೊರಗೆ ಹೋಗಲು ಅವರು ಒಪ್ಪಲಿಲ್ಲ. ಕೊನೆಗೆ ಕೊಟ್ಟಿಗೆಯ ಕೀಲಿಕೈ ನನಗೆ ಕೊಟ್ಟು, ಟ್ಯಾಪಿನ ಹಿಡಿಕೆಯನ್ನು ತಮ್ಮ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು.

ತಿಂಗಳ ಹತ್ತಿರವಾಯಿತು ಅವರು ಬರುವುದು. ಸುಡುವ ಬೇಸಿಗೆ. ನಾನು ಆಗಾಗ ಬಾಗಿಲು ತೆಗೆದು ದೀಪ ಇದೆಯೇ ಎಂದು ನೋಡಿ ಮತ್ತೆ ಹಾಕುತ್ತಿದ್ದೆ, ಅಷ್ಟೇ. ಬಂದ ದಿನ ಹಿಡಿಕೆ ಸಿಕ್ಕಿಸಿದರು. ಟ್ಯಾಪು ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ನನ್ನ ಕಡೆ ತಿರುಗಿ, "ಯಾರೋ ಕೈ ಹಾಕ್ಯಾರ" ಎಂದರು.

"ನಾ ಮುಟ್ಟಿಲ್ರೀ ಅಣ್ಣಾರ."

"ಕೀಲಿಕೈ ಯಾರ ಹತ್ರ ಇತ್ತ್ರಿ?"

ಅವರು ಇನ್ನೊಮ್ಮೆ ಒತ್ತಲು ಹೋದಾಗ ನಾನು ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಟ್ಯಾಪು ಒಳಗೆ ಮುರಿದರೆ ದೀಪ ಹೋದಂತೆಯೇ. ಅವರು ಹಿಡಿಕೆ ಬಿಟ್ಟು ಹೊರಗೆ ಹೋದರು. ಸಂಜೆ ಗುಡಿಯ ಕಟ್ಟೆಯ ಮೇಲೆ, "ಕೀಲಿಕೈ ಕೊಟ್ಟದ್ದ ನನ್ನ ತಪ್ಪಾತು" ಎಂದರಂತೆ.

ಅಷ್ಟೇ ಸಾಕಾಯಿತು. ನಮ್ಮ ಓಣಿಯ ಹೆಂಗಸರು ಹೊಲಕ್ಕೆ ಹೋಗುವಾಗ ಮನೆಯ ಕೀಲಿಕೈಗಳನ್ನು ನನ್ನ ಹತ್ತಿರ ಇಟ್ಟು ಹೋಗುತ್ತಿದ್ದರು. ನಿಮ್ಮ ಅಜ್ಜ ಹೋದ ಮೇಲೆ ನಾಲ್ಕು ಮಂದಿ ನನ್ನ ಬಾಗಿಲಿಗೆ ಬರುತ್ತಿದ್ದುದೇ ಅದರಿಂದ. ಈಗ ಒಬ್ಬೊಬ್ಬರೇ ಬಿಟ್ಟರು. "ಇವತ್ತ ಮಾವಾರು ಮನ್ಯಾಗ ಅದಾರ್ರಿ" ಎನ್ನುವರು. ಅವರ ಮಾವ ಕಟ್ಟೆಯ ಮೇಲೆ ಕುಳಿತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ನಾನು ಎದುರು ಮಾತಾಡುವವಳಲ್ಲ. ಒಳಗೆ ಬಂದು ಕೂಡುತ್ತಿದ್ದೆ.

ಈರಪ್ಪಣ್ಣ ಸುಮ್ಮನಿರಲಿಲ್ಲ. ನನ್ನ ತಪ್ಪನ್ನು ಸಾಬೀತು ಮಾಡಲು ಭೂತಗನ್ನಡಿ ಹಿಡಿದು ಟ್ಯಾಪಿನ ತಲೆಯ ಮೇಲೆ ಇಕ್ಕಳದ ಗುರುತು ಹುಡುಕಿದರು. ಹಿಡಿಕೆಯಿಲ್ಲದೆ ತಿರುವಿದ್ದರೆ ಗೀರು ಬಿದ್ದಿರಲೇಬೇಕಿತ್ತು. ಒಂದೂ ಇರಲಿಲ್ಲ. ಅದನ್ನು ಮುಚ್ಚಿಡದೆ ನನ್ನನ್ನು ಕರೆದು ಹೇಳಿದರು, ಅದು ಅವರ ದೊಡ್ಡತನ. "ಗುರುತಿಲ್ರೀ. ಹಂಗಾರ ಯಾಕ ಹಿಡೀತು?"

ಆಮೇಲೆ ಟ್ರ್ಯಾಕ್ಟರಿನ ಡೀಸೆಲ್ ಹನಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಕಂಬದ ಮೇಲೆ ಕುದಿನೀರು ಸುರಿದರು. ಹಿಡಿಕೆ ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆ ತಿರುವಿದಾಗ ಕಿರ್ರೆಂದು ಟ್ಯಾಪು ಹೊರಗೆ ಬಂತು, ಹಲ್ಲೊಂದೂ ಮುಕ್ಕಾಗದೆ. ಗೆರೆಗಳ ನಡುವೆ ಕಂದು ಬಣ್ಣದ ಅಂಟು ಕಟ್ಟಿತ್ತು. ಉಗುರಿನಿಂದ ಕೆರೆದರು. ಮೂಸಿದರು.

"ಕುಸುಬಿ ಎಣ್ಣಿ" ಎಂದರು. "ಒಣಗಿ ಅಂಟಾಗೈತಿ. ಊರ ಮಂದಿ ಮ್ಯಾಲೆಲ್ಲಾ ಸಂಶೆ ಪಟ್ಟೆ. ನನ್ನ ಹೊಲದ ಎಣ್ಣಿ ಮ್ಯಾಲ ಪಡಲಿಲ್ಲ ನೋಡ್ರಿ."

ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ, "ಇದನ್ನ ಕಟ್ಟಿ ಮ್ಯಾಲ ಹೇಳ್ರಿ ಅಣ್ಣಾರ" ಎಂದೆ.

"ಹೇಳತೀನ್ರಿ" ಎಂದರು. ದೀಪದ ಕೆಲಸ ಮುಗಿಸಿ ತಾವೇ ಹೊತ್ತು ತಂದು ಜಗಲಿಯ ಮೇಲಿಟ್ಟರು. ತಟ್ಟೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಚಹಾ ಕೊಟ್ಟೆ. ಮೂಸಿ ನೋಡದೆ ಕುಡಿದರು. ನಾನು ಅವರನ್ನು ಕಂಡದ್ದು ಅದೇ ಕಡೆ. ಮಗಳ ಮನೆಗೆ ಮತ್ತೆ ಹೋದವರು ಅಲ್ಲೇ ಎದೆನೋವಿನಿಂದ ತೀರಿಕೊಂಡರು.

ಓಣಿಯ ಕೀಲಿಕೈಗಳು ಮಾತ್ರ ಮರಳಿ ಬರಲಿಲ್ಲ. ಮಾತು ಕೊಟ್ಟು ಹೇಳದೇ ಹೋದರಲ್ಲ ಎಂದು ನನಗೆ ಅವರ ಮೇಲೆ ಸಿಟ್ಟು. ಅವರ ದಿನಕರ್ಮ ಮುಗಿದ ಮೇಲೆ ಕಿರಾಣಿ ಅಂಗಡಿಯ ಮಹಾದೇವಪ್ಪನನ್ನು ಕೇಳಿಯೇಬಿಟ್ಟೆ. "ಕಟ್ಟಿ ಮ್ಯಾಲ ಅಣ್ಣಾರು ಕಡೀಕ ಏನರ ಹೇಳಿದ್ರೇನಪಾ?"

ಅವನು ಸಕ್ಕರೆ ತೂಗುತ್ತ ನಕ್ಕ. "ಹೇಳಿದ್ರು ಬೇ. ಯಾರದೂ ತಪ್ಪಿಲ್ಲ, ಎಲ್ಲಾ ನಮ್ಮ ಎಣ್ಣೀದ ತಪ್ಪು ಅಂದ್ರು. ಎರಡೆರಡು ಸಲ ಅಂದ್ರು. ಈಗ ಈರಪ್ಪಗ ಎಣ್ಣಿ ಮ್ಯಾಲೂ ಸಂಶೆ ಬಂತು ಅಂತ ಎಲ್ಲಾರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ."

ಸಕ್ಕರೆ ತೆಗೆದುಕೊಂಡು ಮನೆಗೆ ಬಂದೆ. ಅವರು ಹೇಳಿದ್ದರು. ಕೇಳಿದವರು ನಂಬಲಿಲ್ಲ, ಅಷ್ಟೇ. ಆ ಮಾತನ್ನು ನಗದೆ ಕೇಳಲು ಈಗ ನೀವಿಬ್ಬರೇ ಇದ್ದೀರಿ. ಅದಕ್ಕೇ ಇದನ್ನೆಲ್ಲ ಬರೆದೆ. ಈ ಹಾಳೆಗಳನ್ನು ನಿಮ್ಮ ಶಾಲೆಯ ರದ್ದಿಯ ಜೊತೆ ಹಾಕಬೇಡಿರಿ, ಮಕ್ಕಳೇ. ಕೈಗೆ ಸಿಗುವ ಕಡೆ, ಜೋಪಾನವಾಗಿ ಇಟ್ಟುಕೊಳ್ಳಿರಿ.