ಬೂದಿಯ ಮೇಲಿನ ಹೆಜ್ಜೆ

ಆಗೆಲ್ಲ ನಮ್ಮ ಕಣದಲ್ಲಿ ರಾಶಿಗೆ ಕಾವಲು ಇರುತ್ತಿರಲಿಲ್ಲ. ಮುರಗೋಡದ ಹತ್ತಿರ ನಮ್ಮ ಹೊಲ. ಜೋಳ ತೂರಿ ಗುಡ್ಡೆ ಹಾಕಿದ ಮೇಲೆ ಅಜ್ಜ ಅದರ ಸುತ್ತ ಬೂದಿಯ ಗೆರೆ ಎಳೆದು ಮನೆಗೆ ಬಂದುಬಿಡುತ್ತಿದ್ದ. ಚೀಲ ತುಂಬುವವರೆಗೆ ಯಾರೂ ಆ ಗೆರೆ ದಾಟಬಾರದು. ದಾಟಿದರೆ ತಾವೇ ಹೇಳಬೇಕು. ಹೇಳಿದವರಿಗೆ ಬೈಗುಳವಿಲ್ಲ, ಶಿಕ್ಷೆಯಿಲ್ಲ. ಅಜ್ಜ ಹೊಸ ಗೆರೆ ಎಳೆಯುತ್ತಿದ್ದ, ಅಷ್ಟೇ.

ನನಗಾಗ ಒಂಬತ್ತು ವರ್ಷ. ಸಿರಸಂಗಿಯ ಮುದುಕಿಯೊಬ್ಬಳು ಬುಟ್ಟಿ ತುಂಬ ಬಾರಿಹಣ್ಣು ಹೊತ್ತು ಬರುತ್ತಿದ್ದಳು. ಬೊಗಸೆ ಜೋಳ ಕೊಟ್ಟರೆ ಬೊಗಸೆ ಹಣ್ಣು. ಆ ಹುಳಿಸಿಹಿ ವಾಸನೆಗೆ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಬನ್ನಿಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ, ಲಂಗದ ಉಡಿಯಲ್ಲಿ ಜೋಳ ತುಂಬಿಕೊಂಡು ಓಡಿದೆ.

ಸಂಜೆ ಅಜ್ಜ ಗೆರೆಯ ಮುಂದೆ ನಿಂತ. ಬೂದಿಯಲ್ಲಿ ಪುಟ್ಟ ಹೆಜ್ಜೆಯೊಂದು ಮೂಡಿತ್ತು. ಇಡೀ ಕಣದಲ್ಲಿ ಅಷ್ಟು ಸಣ್ಣ ಪಾದ ನನ್ನೊಬ್ಬಳದೇ.

“ಗೆರಿ ಯಾರ ದಾಟೀರಿ?” ಎಂದ. ನನ್ನತ್ತ ಮಾತ್ರ ನೋಡಲಿಲ್ಲ.

ನಾಲಿಗೆಯ ಮೇಲೆ ಹಣ್ಣಿನ ಹುಳಿ ಇನ್ನೂ ಇತ್ತು. ನಾನು ಬಾಯಿ ಬಿಡಲಿಲ್ಲ. ಅಜ್ಜ ಕಾದ, ಕಾದೇ ಕಾದ.

ಆಗ ವರ್ಷಗಳಿಂದ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ನಾಗವ್ವ ಎದ್ದು ಬಂದಳು. ಆ ಹೆಜ್ಜೆಯ ಮೇಲೆ ತನ್ನ ಅಗಲವಾದ, ಬಿರುಕುಬಿಟ್ಟ ಪಾದವನ್ನು ಇಟ್ಟು ಒತ್ತಿದಳು.

“ನಾನ ದಾಟೇನ್ರಿ, ಯಪ್ಪಾ. ಕಾಳ ಚೆಲ್ಲಿತ್ತು, ಬಳ್ಯಾಕ ಹೋಗಿದ್ದೆ.”

ಅಜ್ಜ ಬಗ್ಗಿ ಅವಳ ಹೆಜ್ಜೆ ನೋಡಿದ. “ಹೇಳಿದ್ಯಲ್ಲವ್ವಾ, ಮುಗೀತ ಬಿಡು,” ಎಂದ. ಆದರೆ ಹೊಸ ಗೆರೆ ಎಳೆಯಲಿಲ್ಲ.

ಮರುವರ್ಷ ರಾಶಿ ಕಾಯಲು ಆಳು ಬಂದ. ಯಾಕೆಂದು ಮನೆಯವರೆಲ್ಲ ಅಜ್ಜನನ್ನು ಕೇಳಿದರು, ನಾನೊಬ್ಬಳನ್ನು ಬಿಟ್ಟು. ಸಾಯುವವರೆಗೂ ಅವನು ಆ ಹೆಜ್ಜೆಯ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಬಾರಿಸಿದ್ದರೆ ನಾನು ಇಷ್ಟು ವರ್ಷ ಬೇಯುತ್ತಿರಲಿಲ್ಲ. ಈಗಲೂ ಅಡುಗೆಮನೆಯಲ್ಲಿ ಹಿಟ್ಟು ಚೆಲ್ಲಿದರೆ ಕಾಲಿಡಲು ಹೆದರುತ್ತೇನೆ.

ಇವತ್ತು ಕಣವೇ ಇಲ್ಲ. ಹೊಲದಲ್ಲೇ ಮಷೀನು ಕಾಳು ಬೇರೆ ಮಾಡುತ್ತದೆ, ಚೀಲವಿಡುವ ಕೋಣೆಗೆ ಅಣ್ಣ ಕ್ಯಾಮೆರಾ ಹಾಕಿಸಿದ್ದಾನೆ. ಹೋದ ಸಲ ಊರಿಗೆ ಹೋದಾಗ ಹಾಸಿಗೆ ಹಿಡಿದ ನಾಗವ್ವನ ಪಕ್ಕ ಕುಳಿತು, ಕೊನೆಗೂ ಹೇಳಿದೆ.

“ಯವ್ವಾ, ಬೂದ್ಯಾಗಿನ ಆ ಹೆಜ್ಜಿ ನಂದು.”

ಅವಳು ನನ್ನ ಕೈ ಸವರಿದಳು. “ಯಾವ ಹೆಜ್ಜಿ, ತಂಗಿ? ಅವತ್ತ ಗೆರಿ ದಾಟಿದಾಕಿ ನಾನ.”

ಹೇಳಿದವರಿಗೆ ಶಿಕ್ಷೆಯಿಲ್ಲ ಎನ್ನುತ್ತಿದ್ದ ಅಜ್ಜ ಈಗಿಲ್ಲ. ನಾನು ಹೇಳಿದ್ದನ್ನು ನಿಜವೆಂದು ಒಪ್ಪಿಕೊಳ್ಳುವವರು ಇನ್ನು ಯಾರೂ ಉಳಿದಿಲ್ಲ.