ಓಬೆಡ್ ಪೊಕಾಕನಿಗೊಂದು ಬೇಲಿ

ಅಮೆರಿಕದ ನಮ್ಮ ಅಯೋವಾದಲ್ಲಿ, ಕುಡಿತ ಮುಟ್ಟದ ಮೆಥಡಿಸ್ಟ್ ಕ್ರೈಸ್ತರ ಈ ಸ್ಮಶಾನದಲ್ಲಿ ಮೊದಲು ಮಣ್ಣಾದವನು ಮೆಥಡಿಸ್ಟನಲ್ಲ, ಕುಡುಕ. ಓಬೆಡ್ ಪೊಕಾಕ್ ಹೊಟ್ಟೆ ತುಂಬ ವಿಸ್ಕಿ ಹಾಕಿಕೊಂಡು, ಹೆಪ್ಪುಗಟ್ಟಿದ ನದಿಯ ಮೇಲೆ ಕುಣಿಯಲು ಹೋದ. ಮಂಜುಗಡ್ಡೆ ಒಪ್ಪಲಿಲ್ಲ. ಚಳಿಗಾಲ ಕಳೆದು ನೆಲ ಮೆತ್ತಗಾದ ಮೇಲೆ ಹೆಂಡತಿ ಥಿರ್ಜಾ ಅವನನ್ನು ತಮ್ಮ ಹೊಲದ ಗುಡ್ಡದ ಮೇಲೆ ಹೂತಳು.

ಮಾರನೆಯ ವರ್ಷ, ಕುದುರೆಯೇರಿ ಊರೂರು ಸುತ್ತುವ ಪಾದ್ರಿ ಲೂಷಿಯಸ್ ಟ್ರಸ್ಕಾಟ್ ಬಂದರು. ಊರವರನ್ನು ಮೆಥಡಿಸ್ಟರನ್ನಾಗಿಸಿದರು, ಕುಡಿತ ಬಿಡಿಸಿದರು, ಸ್ಮಶಾನಕ್ಕೆಂದು ಗುಡ್ಡ ಕೇಳಿದರು. ಥಿರ್ಜಾ ಕೊಟ್ಟಳು. ಬೇಲಿ ಹಾಕುವ ದಿನ ನೋಡಿದರೆ, ನಟ್ಟನಡುವೆ ಓಬೆಡ್!

"ದೀಕ್ಷಾಸ್ನಾನ ಇಲ್ದಿರೋ ಕುಡುಕ, ತಾಯಿ. ಇವನನ್ನ ತೆಗೆಸಿ ಬೇಲಿಯಿಂದಾಚೆ ಹಾಕ್ಸಿ."

"ಬದುಕಿದ್ದಾಗ್ಲೇ ಮಧ್ಯಾಹ್ನದ ತನಕ ಏಳಿಸೋಕಾಗ್ತಿರ್ಲಿಲ್ಲ ಪಾದ್ರಿಗಳೇ. ಈಗ ನೀವು ಏಳಿಸ್ತೀರಾ?"

ಪಾದ್ರಿಗಳು ಗಂಡಸರ ಕೈಗೆ ಗುದ್ದಲಿ ಕೊಟ್ಟರು. ಥಿರ್ಜಾ ಗೋರಿಯ ಮೇಲೆಯೇ ಕುಳಿತು ಹುರುಳಿಕಾಯಿ ಬಿಡಿಸತೊಡಗಿದಳು.

"ಬಾರೋ ಜೋಥಮ್, ನೀನೇ ಅಗಿ. ನಮ್ಮನೇಲಿ ಕುಡಿದು, ಪ್ಯಾಂಟು ಕಳ್ಕೊಂಡು, ನನ್ನ ಲಂಗ ಉಟ್ಕೊಂಡು ಮನೆಗೆ ಹೋದ್ಯಲ್ಲ, ಆ ಕಥೆ ಪಾದ್ರಿಗಳಿಗೆ ಹೇಳ್ಲಾ?"

"ಬೇಡ ಥಿರ್ಜಕ್ಕಾ!" ಜೋಥಮನ ಗುದ್ದಲಿ ಕೆಳಗೆ ಬಿತ್ತು. ತಮ್ಮ ಕಥೆ ಶುರುವಾಗುವ ಮೊದಲೇ ಉಳಿದವರೂ ಕೆಳಗಿಟ್ಟರು.

"ನಿಯಮ ಅಂದ್ರೆ ನಿಯಮ," ಪಾದ್ರಿಗಳು ಬಿಡಲಿಲ್ಲ. "ಕುಡುಕ ಬೇಲಿ ಒಳಗಿರೋ ಹಾಗಿಲ್ಲ. ನಿಮಗೂ ಅವನಿಗೂ ನಡುವೆ ಬೇಲಿ ಇರ್ಬೇಕು."

"ಅಷ್ಟೇ ತಾನೇ?" ಥಿರ್ಜಾ ಎದ್ದಳು. ಗೋರಿಯ ಸುತ್ತ ನಾಲ್ಕು ಗೂಟ ಹೊಡೆದು, ಪಟ್ಟಿ ಜಡಿದಳು. "ತಗೊಳ್ಳಿ. ನಡುವೆ ಬೇಲಿ ಬಂತು. ಇವನು ಆಚೆ, ನಾವೆಲ್ಲ ಈಚೆ."

ಪಾದ್ರಿಗಳು ಆ ಪುಟ್ಟ ಬೇಲಿಗೆ ಒಂದು ಸುತ್ತು ಹಾಕಿದರು. ತಪ್ಪು ಸಿಗಲಿಲ್ಲ. ಬಂದ ನಗು ಮರೆಸಲು ಕೆಮ್ಮಿದರು. ಆ ಕೆಮ್ಮಿನ ನಡುವೆಯೇ ಸ್ಮಶಾನವನ್ನು ಪವಿತ್ರಗೊಳಿಸುವ ಪ್ರಾರ್ಥನೆ ಮುಗಿಯಿತು.

ಥಿರ್ಜಾ ಮುದುಕಿಯಾಗುವವರೆಗೂ ಅಲ್ಲಿನ ಹುಲ್ಲು ಕತ್ತರಿಸಿದಳು. ಕೊನೆಗೆ ಹಾಸಿಗೆ ಹಿಡಿದಾಗ ಜೋಥಮ್ ಕಣ್ಣೀರಿಡುತ್ತ ಬಂದ.

"ಅಕ್ಕಾ, ಓಬೆಡನ ಪಕ್ಕದಲ್ಲೇ ನಿನಗೂ ಜಾಗ ಮಾಡ್ತೀನಿ."

"ನಿನಗ್ಯಾರೋ ಹೇಳಿದ್ರು? ಅವನನ್ನ ಅಲ್ಲಿ ಉಳಿಸ್ಕೊಂಡಿದ್ದು ಪಾದ್ರಿ ಮೇಲಿನ ಹಟಕ್ಕೆ, ಪ್ರೀತಿ ಉಕ್ಕಿ ಅಲ್ಲ. ನನ್ನನ್ನ ಆ ಮೂಲೆ ಚೆರ್ರಿ ಮರದ ಕೆಳಗೆ ಹಾಕು. ಅಲ್ಲಿಗೆ ಅವನ ಗೊರಕೆ ಕೇಳ್ಸಲ್ಲ."

ಹಾಗೆಯೇ ಮಾಡಿದೆವು. ಹಣ್ಣಿನ ಕಾಲದಲ್ಲಿ ಎಲ್ಲರೂ ಅವಳ ಮೇಲೆಯೇ ಕುಳಿತು ಚೆರ್ರಿ ತಿನ್ನುತ್ತೇವೆ. ಬೀಜ ಉಗುಳುವ ಮೊದಲು ಮುಖ ಗೋರಿಯಿಂದಾಚೆ ತಿರುಗಿಸುವವನು ಈಗಿನ ಪಾದ್ರಿ ಒಬ್ಬನೇ.