ಕಿಟಕಿಗೆ ಹಿಡಿದ ಎರಡು ಹಾಳೆ

ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು ಶೇಷಗಿರಿರಾಯರ ಅಭ್ಯಾಸ. ಬೆಂಗಳೂರಿನಲ್ಲಿ ವಿಧಾನಸಭೆ, ವಿಧಾನಪರಿಷತ್ತುಗಳ ನಡುವೆ ಓಡಾಡುವ ಮಸೂದೆಗಳ ಕಾಗದ ನೋಡಿಕೊಳ್ಳುತ್ತಿದ್ದ ಧಾರವಾಡದ ಮನುಷ್ಯ. ನಿವೃತ್ತರಾದ ಮೇಲೆ ಬ್ಯಾಂಕಿನಲ್ಲಿದ್ದ ಮಗನ ಜೊತೆ ವಡೋದರಾದ ಗೋರ್ವಾ ಬಡಾವಣೆಗೆ, ನಮ್ಮ ಮೇಲಿನ ಮನೆಗೆ ಬಂದರು. ಕೆಲಸದಲ್ಲಿದ್ದಾಗ ಎರಡೂ ಸದನಗಳ ಪ್ರತಿಯನ್ನು ತೆಳುಹಾಳೆಯಲ್ಲಿ ಸಾಲಿಗೆ ಸಾಲು ಕೂಡುವಂತೆ ಬರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಒಪ್ಪಿದ ಸಾಲು ಕಪ್ಪಗೆ ಒಂದಾಗಿ ಕಾಣುತ್ತಿತ್ತು, ಒಪ್ಪದ್ದು ಕಲಸಿಹೋಗುತ್ತಿತ್ತು.

"ಜಗಳ ಎಲ್ಲದ ಅನ್ನೋದು ಕಣ್ಣಿಗೇ ಕಾಣತದ್ರೀ. ಅಷ್ಟಕ್ಕ ಮಾತ್ರ ಜಗಳಾಡ್ರಿ," ಎನ್ನುತ್ತಿದ್ದರು.

ನಮ್ಮ ಕನ್ನಡ ಸಂಘದಲ್ಲೂ ಎರಡು ಸದನ: ಕಾರ್ಯಕಾರಿ ಸಮಿತಿ, ಮಹಿಳಾ ಸಮಿತಿ. ಎರಡೂ ಒಪ್ಪದೆ ಏನೂ ನಡೆಯದು. ಮಕ್ಕಳ ಕನ್ನಡ ತರಗತಿಯ ಬಗ್ಗೆ ಕಾರ್ಯಕಾರಿ ಸಮಿತಿಯವರು ಬರೆದದ್ದು ಭಾನುವಾರ ಬೆಳಿಗ್ಗೆ, ಸಂಘದ ಹಾಲ್‌ನಲ್ಲಿ, ಅಕ್ಷರಗಳಿಂದ ಶುರು. ಮಹಿಳಾ ಸಮಿತಿಯ ನಾವು ಬರೆದದ್ದು ಭಾನುವಾರ ಸಂಜೆ, ಮನೆಗಳಲ್ಲಿ, ಮೊದಲು ಮಾತು. ಕಾಗದ ಎರಡು ಸಲ ಹೋಗಿ ಬಂತು. ರಜೆ ಮುಗಿಯುತ್ತಿತ್ತು, ಆಮೇಲೆ ಟ್ಯೂಷನ್ ಶುರುವಾದರೆ ಮಕ್ಕಳು ಸಿಗುವುದಿಲ್ಲ. ನನ್ನ ಮಗಳು ತನ್ವಿಯಂತೂ ಅಜ್ಜಿಯ ಫೋನ್ ಬಂದರೆ, "ಮಮ್ಮಿ, ತು ಬೋಲ್ ನೆ" ಎಂದು ಗುಜರಾತಿಯಲ್ಲೇ ಹೇಳಿ, ನೀನೇ ಮಾತಾಡೆಂದು ನನ್ನ ಕೈಗಿಟ್ಟು ಓಡುತ್ತಿದ್ದಳು.

"ಎರಡೂ ಕಡೆಯಿಂದ ಇಬ್ಬಿಬ್ಬರು ಬರ್ರಿ," ಎಂದರು ರಾಯರು. "ಕೆಲವು ದೇಶದಾಗ ಹಿಂಗ ಮಾಡ್ತಾರ. ಒಪ್ಪಿದ್ದನ್ನ ಕೆದಕೂದಿಲ್ಲ. ಹೊಸಾದು ಸೇರಸೂದಿಲ್ಲ."

ಅವರ ಮನೆಯಲ್ಲಿ ಕೂತೆವು. ಹಾಳೆ ಕಿಟಕಿಗೇರಿತು. ಭಾನುವಾರ ಕಪ್ಪಗಿತ್ತು. ಹೊತ್ತು ಕಲಸಿಹೋಗಿತ್ತು.

"ಸಂಜೆ ಹೋಟೆಲಿಗೆ ಜನ ನುಗ್ತಾರೆ ಮಾರಾಯ್ರೆ, ಹಾಲಿನ ಬೀಗ ತೆಗೀಲಿಕ್ಕೆ ನಾನು ಬರುವುದು ಹೇಗೆ?" ಎಂದರು ಉಡುಪಿ ಹೋಟೆಲಿನ ಭಟ್ಟರು, ಸಂಘದ ಅಧ್ಯಕ್ಷರು.

"ಬೀಗ ತೆಗೆಯೋಕೆ ಅಧ್ಯಕ್ಷರೇ ಬೇಕಾ? ಬೀಗದ ಕೈ ಕೊಡಿ ಇಲ್ಲಿ," ಎಂದೆ.

ಭಟ್ಟರು ನಕ್ಕುಬಿಟ್ಟರು. ಒಂದು ತಿಂಗಳು ಜಗಳವಾಡಿದ್ದು ಒಂದು ಬೀಗದ ಕೈಗೆ! ಸಂಜೆ ಅವರು ಬಿಟ್ಟುಕೊಟ್ಟರು, ಹಾಲ್ ನಾವು ಒಪ್ಪಿದೆವು. ಅರ್ಧ ಮಾತು, ಅರ್ಧ ಅಕ್ಷರ. ಆ ಖುಷಿಯಲ್ಲಿ ನಾನು ಕೆಳಗೆ ಬರೆದೆ: 'ಮೇಷ್ಟ್ರು ಶೇಷಗಿರಿರಾಯರು.'

ಅವರು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು. "ಇದು ಯಾರ ಹಾಳ್ಯಾಗೂ ಇಲ್ಲವಾ ತಾಯಿ. ನೀವು ನಾಕು ಮಂದಿ ಸೇರಿಸಿದ್ರ, ಒಳಗ ಕೂತು ಏನೋ ಮಾಡಿದ್ರು ಅಂತಾರ."

ಒಪ್ಪಿದ ಪ್ರತಿ ಎರಡೂ ಸಮಿತಿಗೆ ಹೋಯಿತು. ಎರಡೂ ಹೌದೆಂದವು. ಜೊತೆಗೆ ಎರಡೂ ಕಡೆಯಿಂದ ಬೇರೆ ಬೇರೆಯಾಗಿ ಒಂದೊಂದು ಚೀಟಿ ಬಂತು. ಎರಡರಲ್ಲೂ ಅದೇ ಹೆಸರು. ರಾಯರು ಅವನ್ನೂ ಕಿಟಕಿಗೆ ಹಿಡಿದು ನೋಡಿದರು. "ಇದಕ್ಕ ನನ್ನ ತಕರಾರಿಲ್ರೀ" ಎಂದು ಕನ್ನಡಕ ಒರೆಸಿಕೊಂಡರು.

ಒಂದೂವರೆ ವರ್ಷ ಕಲಿಸಿದರು. ಈ ಚೈತ್ರದಲ್ಲಿ ಮಗನಿಗೆ ಸೂರತ್‌ಗೆ ವರ್ಗವಾಯಿತು. ಹೊರಡುವಾಗ ತಮ್ಮ ಕೈಬರಹದ ಅಕ್ಷರಮಾಲೆಯನ್ನು ತನ್ವಿಗೆ ಕೊಟ್ಟರು. ಮೇಲಿನ ಮನೆಗಿನ್ನೂ ಬೀಗ.

ನಿನ್ನೆ ತನ್ವಿ ಆ ಹಾಳೆಯ ಮೇಲೆ ತೆಳುಕಾಗದವಿಟ್ಟು, ಕಿಟಕಿಗೆ ಒತ್ತಿ ಹಿಡಿದು ತಿದ್ದುತ್ತಿದ್ದಳು. ಅಜ್ಜಿಯ ಫೋನ್ ಬಂತು. ಪೆನ್ಸಿಲ್ ಬಾಯಲ್ಲಿ ಕಚ್ಚಿಕೊಂಡೇ ಎತ್ತಿದಳು: "ಅಜ್ಜೀ, ಆಮೇಲೆ ಮಾಡು. ನಾನು ಬರೀಲಿಕ್ಹತ್ತೀನಿ."